ಜನಪ್ರತಿನಿಧಿಯ ಕಚೇರಿಯಲ್ಲಿ ಗಡಿನಾಡಿನ ವಿದ್ಯಾರ್ಥಿ

ನಮ್ಮ ಶಾಲೆಯು ಐವತ್ತು ವಸಂತಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಗತಕಾಲದ ಸ್ಮರಣೆಯಷ್ಟಕ್ಕೇ ತೃಪ್ತರಾಗದೆ, ಇಲ್ಲಿ ಅಕ್ಷರ ಕಲಿತು ಹೊರಬಂದ ಮಕ್ಕಳು ಆ ಅಕ್ಷರವನ್ನು ಯಾವ ಕಾರ್ಯಕ್ಕೆ ವಿನಿಯೋಗಿಸಬೇಕು ಎಂಬ ವಿಚಾರವನ್ನೂ ಮಾಡುವುದು ಉಚಿತವೆಂದು ಭಾವಿಸುತ್ತೇನೆ. ಡಾಕ್ಟರು, ಇಂಜಿನಿಯರು, ಶಿಕ್ಷಕರು ಆಗುವ ಮಾರ್ಗಗಳ ಬಗ್ಗೆ ನಮ್ಮ ಮನೆಗಳಲ್ಲಿ ನಿತ್ಯವೂ ಚರ್ಚೆ ನಡೆಯುತ್ತದೆ. ಆದರೆ ಜನಪ್ರತಿನಿಧಿಯ ಕಚೇರಿಯೂ ಒಂದು ಪಾಠಶಾಲೆ, ಅಲ್ಲಿ ಗಡಿನಾಡಿನ ಕನ್ನಡ ವಿದ್ಯಾರ್ಥಿ ಕಲಿಯಬೇಕಾದುದೂ ಕಲಿಸಬೇಕಾದುದೂ ಬಹಳವಿದೆ ಎಂಬ ಮಾತು ನಮ್ಮಲ್ಲಿ ಅಪರೂಪ. ಪದವಿ ವ್ಯಾಸಂಗದ ಕೊನೆಯ ವರ್ಷದ ರಜೆಯಲ್ಲಿ ಆರು ವಾರಗಳ ಕಾಲ ಈ ಭಾಗದ ಒಂದು ಕಚೇರಿಯಲ್ಲಿ ತರಬೇತಿ ಪಡೆದ ಅನುಭವದ ಬಲದಿಂದ ಈ ಅಭಿಪ್ರಾಯವನ್ನು ಓದುಗರ ಮುಂದಿಡುತ್ತಿದ್ದೇನೆ. ಪ್ರತಿನಿಧಿಯ ಹೆಸರಾಗಲಿ ಪಕ್ಷವಾಗಲಿ ಇಲ್ಲಿ ಪ್ರಸ್ತುತವಲ್ಲ. ಕಚೇರಿಯ ಕೆಲಸವೇ ಪ್ರಸ್ತುತ.

ಮೊದಲು ನಾವು ನಿಂತ ನೆಲವನ್ನು ಅರಿಯಬೇಕು. ಉದಗೀರ ಮತ್ತು ನಿಲಂಗಾ ತಾಲೂಕುಗಳು ಹೈದರಾಬಾದ ಸಂಸ್ಥಾನದ ಕಾಲದಲ್ಲಿ ಬೀದರ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರವು ಮೈಸೂರು ರಾಜ್ಯಕ್ಕೆ ಸೇರಿದಾಗ, ಇವೆರಡೂ ಅಹಮದಪುರದೊಡನೆ ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು. ಉಮರ್ಗಾ ಮೊದಲಿನಿಂದಲೂ ಉಸ್ಮಾನಾಬಾದ ಜಿಲ್ಲೆಯದು. ಆ ಜಿಲ್ಲೆಗೆ ಇಂದು ಧಾರಾಶಿವ ಎಂದು ಹೆಸರು. 1982ರ ಆಗಸ್ಟ್ 16ರಂದು ಲಾತೂರ ಜಿಲ್ಲೆ ರಚನೆಯಾದ ಮೇಲೆ ನಿಲಂಗಾ ಮತ್ತು ಉದಗೀರ ಅದರ ಪಾಲಿಗೆ ಬಂದವು. ಹೀಗೆ ಬೀಗತನ, ಸಂತೆ, ಜಾತ್ರೆಗಳಿಂದ ಒಂದಾಗಿರುವ ಮೂರು ತಾಲೂಕುಗಳ ಕನ್ನಡಿಗರು ಎರಡು ಜಿಲ್ಲೆಗಳಲ್ಲಿ, ಎರಡು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿದ್ದಾರೆ. ಯಾವ ಒಂದು ಕ್ಷೇತ್ರದಲ್ಲಿಯೂ ನಾವು ಸಂಖ್ಯೆಯಿಂದ ಮಾತು ನಡೆಸುವಷ್ಟು ಜನರಿಲ್ಲ. ಸಂಖ್ಯೆ ಇಲ್ಲದವರಿಗೆ ಉಳಿಯುವ ಆಧಾರವೆಂದರೆ ಸರಿಯಾಗಿ ಬರೆದ ಕಾಗದ ಮತ್ತು ಅದನ್ನು ಸರಿಯಾದ ಮೇಜಿಗೆ ತಲುಪಿಸುವ ಜ್ಞಾನ.

ಈ ಭಾಗದವರು ಉನ್ನತ ಸ್ಥಾನಗಳನ್ನು ಏರಿಲ್ಲವೆಂದಲ್ಲ. ನಿಲಂಗಾದ ಶಿವಾಜಿರಾವ ಪಾಟೀಲ ನಿಲಂಗೇಕರರು 1985-86ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಗಳಾಗಿದ್ದರು. ಲಾತೂರ ಕ್ಷೇತ್ರದ ಶಿವರಾಜ ಪಾಟೀಲ ಚಾಕೂರಕರರು 1991ರಿಂದ 1996ರವರೆಗೆ ಲೋಕಸಭೆಯ ಅಧ್ಯಕ್ಷರಾಗಿದ್ದರು. ಇಲಾಖಾವಾರು ಸ್ಥಾಯೀ ಸಮಿತಿಗಳ ವ್ಯವಸ್ಥೆ 1993ರಲ್ಲಿ ಜಾರಿಗೆ ಬಂದದ್ದು ಅವರ ಅವಧಿಯಲ್ಲಿಯೇ. ಆದರೆ ಯಾರು ಎಷ್ಟು ಎತ್ತರಕ್ಕೆ ಹೋದರು ಎಂಬುದಕ್ಕಿಂತ, ಕಚೇರಿಯ ಹೊರಗಿನ ಬೆಂಚಿನ ಮೇಲೆ ಕುಳಿತವನ ಮಾತು ಎಷ್ಟು ದೂರ ಹೋಗುತ್ತದೆ ಎಂಬುದೇ ಪ್ರಜಾಪ್ರಭುತ್ವದ ನಿಜವಾದ ಅಳತೆ.

ಆ ಬೆಂಚನ್ನು ಆರು ವಾರ ಹತ್ತಿರದಿಂದ ನೋಡುವ ಅವಕಾಶ ನನಗೆ ದೊರೆಯಿತು. ಬೆಳಗಿನ ಒಂಬತ್ತಕ್ಕೆ ಜನ ಸೇರುತ್ತಿದ್ದರು. ಪ್ರತಿಯೊಂದು ಅರ್ಜಿಯನ್ನೂ ಆವಕ ಪುಸ್ತಕದಲ್ಲಿ ದಾಖಲಿಸುವುದು, ವಿಷಯಕ್ಕೆ ತಕ್ಕಂತೆ ವಿಂಗಡಿಸುವುದು, ಸಂಬಂಧಿಸಿದ ಅಧಿಕಾರಿಗೆ ಪತ್ರ ಸಿದ್ಧಪಡಿಸುವುದು, ಉತ್ತರ ಬಾರದಿದ್ದರೆ ಹದಿನೈದು ದಿನಗಳಿಗೆ ನೆನಪೋಲೆ ಕಳುಹಿಸುವುದು, ಇವು ನನ್ನ ಪಾಲಿಗೆ ಬಂದ ಕೆಲಸಗಳು. ಸಾತಬಾರಾ ಉತಾರದಲ್ಲಿ ತಂದೆಯ ಹೆಸರು ತಪ್ಪಿದವರು, ಬೆಳೆ ವಿಮೆಯ ಹಣ ಬಾರದವರು, ಸಂಜಯ ಗಾಂಧಿ ನಿರಾಧಾರ ಯೋಜನೆಯ ಮಾಸಾಶನ ನಿಂತುಹೋದ ವೃದ್ಧೆಯರು, ವಿದ್ಯುತ್ ಪರಿವರ್ತಕ ಸುಟ್ಟು ಬಾವಿಯ ನೀರೆತ್ತಲಾಗದ ರೈತರು: ಇವರೇ ಬೆಂಚಿನ ನಿತ್ಯದ ಸದಸ್ಯರು. ಪತ್ರಿಕೆಗಳಲ್ಲಿ ಕಾಣುವ ರಾಜಕಾರಣಕ್ಕೂ ಈ ಬೆಂಚಿನ ರಾಜಕಾರಣಕ್ಕೂ ಅಜಗಜಾಂತರ.

ಜನಪ್ರತಿನಿಧಿಯ ಅಧಿಕಾರ ಎಲ್ಲಿಯವರೆಗೆ ಎಂಬುದು ನಾನು ಕಲಿತ ಮೊದಲ ಪಾಠ. ಶಾಸಕನು ಮಾಸಾಶನ ಮಂಜೂರು ಮಾಡುವುದಿಲ್ಲ, ಜಮೀನಿನ ದಾಖಲೆ ತಿದ್ದುವುದಿಲ್ಲ; ಆ ಅಧಿಕಾರ ತಹಸೀಲ ಕಚೇರಿಯದು. ಪ್ರತಿನಿಧಿಯು ಶಿಫಾರಸು ಮಾಡಬಲ್ಲ, ವಿಚಾರಿಸಬಲ್ಲ, ಸದನದಲ್ಲಿ ಪ್ರಶ್ನೆ ಕೇಳಬಲ್ಲ. 1993ರಲ್ಲಿ ಆರಂಭವಾದ ಸಂಸದರ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಪ್ರತಿ ಸಂಸದರ ಹೆಸರಿನಲ್ಲಿ 2011-12ರಿಂದ ವರ್ಷಕ್ಕೆ 5 ಕೋಟಿ ರೂಪಾಯಿ ನಿಗದಿಯಾಗಿದೆ. ಅಲ್ಲಿಯೂ ಸಂಸದರು ಕಾಮಗಾರಿಯನ್ನು ಸೂಚಿಸುತ್ತಾರೆ. ಪರಿಶೀಲಿಸಿ ಮಂಜೂರು ಮಾಡುವುದು ಜಿಲ್ಲಾಡಳಿತ. ಶಾಲಾ ಕೊಠಡಿಗಾಗಿ ವರ್ಷಗಟ್ಟಲೆ ಬಾಯಿಮಾತಿನಲ್ಲಿ ಬೇಡಿಕೊಳ್ಳುವ ನಮ್ಮ ಹಳ್ಳಿಗಳು, ಜಾಗದ ದಾಖಲೆ ಮತ್ತು ಅಂದಾಜು ಪತ್ರಿಕೆಗಳೊಡನೆ ಒಂದು ಮನವಿ ಸಿದ್ಧಪಡಿಸಿದರೆ ಅರ್ಧ ದಾರಿ ಸವೆದಂತೆಯೇ. ಇಷ್ಟನ್ನು ತಿಳಿದವನು ಯಾರ ಕಾಲಿಗೂ ಬೀಳಬೇಕಾಗಿಲ್ಲ, ಯಾರನ್ನೂ ವೃಥಾ ಶಪಿಸಬೇಕಾಗಿಲ್ಲ.

ಕಾಗದದ ಬೆಲೆ ಏನೆಂಬುದನ್ನು ಈ ನೆಲ ಕಠೋರವಾಗಿಯೇ ಕಲಿತಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಮತ್ತು ಅಂದು ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರ ಮೊದಲಾದ ಗ್ರಾಮಗಳು ಭೂಕಂಪದಲ್ಲಿ ನೆಲಸಮವಾದವು. ಸ್ಥಳಾಂತರಗೊಂಡ ಹಳ್ಳಿಗಳಲ್ಲಿ ಹೊಸ ಮನೆಯ ವಿಸ್ತೀರ್ಣ 250, 400 ಅಥವಾ 750 ಚದರ ಅಡಿ ಎಂಬುದು ಕುಟುಂಬದ ಜಮೀನಿನ ಹಿಡುವಳಿಯ ಮೇಲೆ ನಿರ್ಧಾರವಾಯಿತು. ಅಂದರೆ ತಲಾಠಿಯ ಪುಸ್ತಕದ ಒಂದು ಸಾಲು ಒಂದು ಮನೆಯ ಗೋಡೆಗಳ ಅಳತೆಯನ್ನು ಗೊತ್ತುಮಾಡಿತು. ಆ ಸಾಲನ್ನು ಓದಬಲ್ಲ, ತಪ್ಪಿದ್ದರೆ ಪ್ರಶ್ನಿಸಬಲ್ಲ ಮಕ್ಕಳು ಪ್ರತಿ ಊರಿನಲ್ಲಿ ಇರಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೆ?

ಇನ್ನು ಭಾಷೆಯ ಮಾತು. ಕನ್ನಡ ಶಾಲೆಯಲ್ಲಿ ಓದಿದವನು ಆ ಕಚೇರಿಯಲ್ಲಿ ಏಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲಿದೆ. ಶಾಲೆಯ ದಾಖಲೆಯಲ್ಲಿ ನಾಗವ್ವ ಎಂದಿರುವ ಹೆಣ್ಣುಮಗಳು ಪಡಿತರ ಚೀಟಿಯಲ್ಲಿ ನಾಗಾಬಾಯಿ ಆಗಿರುತ್ತಾಳೆ, ಆಧಾರ ಚೀಟಿಯಲ್ಲಿ ನಾಗಮ್ಮ ಆಗಿರುತ್ತಾಳೆ. ಮರಾಠಿಯ ಲಿಪಿಯಲ್ಲಿ ಎಕಾರ-ಏಕಾರ, ಒಕಾರ-ಓಕಾರಗಳ ಭೇದವಿಲ್ಲ. ನಮ್ಮ ಊರುಗಳ, ಮನೆತನಗಳ ಹೆಸರುಗಳು ಅಲ್ಲಿಗೆ ಹೋಗಿ ಇಂಗ್ಲಿಷಿಗೆ ದಾಟುವಷ್ಟರಲ್ಲಿ ಗುರುತು ಸಿಗದಂತಾಗುತ್ತವೆ. ಮೂರು ಹೆಸರು ಒಬ್ಬಳದೇ ಎಂದು ರುಜುವಾಗುವವರೆಗೆ ಮಾಸಾಶನ ನಿಂತೇ ಇರುತ್ತದೆ. ಇದು ಯಾರ ದ್ವೇಷದ ಫಲವೂ ಅಲ್ಲ. ಎರಡೂ ಭಾಷೆ ಬಲ್ಲವನೊಬ್ಬ ಆ ಮೇಜಿನಲ್ಲಿ ಇಲ್ಲದುದರ ಫಲ.

ಇನ್ನೊಂದು ಪ್ರಸಂಗ. ಕನ್ನಡ ಮನೆತನದ ತರುಣನೊಬ್ಬ ತಾನೇ ಬರೆದ ಮರಾಠಿ ಅರ್ಜಿಯಲ್ಲಿ ರಸ್ತೆಯಲ್ಲಿ 'ಅವಘಡ'ವಾಯಿತೆಂದು ತಿಳಿಸಿದ್ದ. ಕನ್ನಡದಲ್ಲಿ ಅವಘಡವೆಂದರೆ ಅಪಘಾತ. ಮರಾಠಿಯಲ್ಲಿ ಕಷ್ಟಕರ, ದುರ್ಗಮ ಎಂದರ್ಥ. ಆದುದರಿಂದ ಆ ಅರ್ಜಿ ರಸ್ತೆ ದುರಸ್ತಿಯ ಕಡತಕ್ಕೆ ಸೇರಿತ್ತು. ಅವನು ಕೇಳಿದ್ದು ರಸ್ತೆಯನ್ನಲ್ಲ, ಅಪಘಾತದಲ್ಲಿ ಗತಿಸಿದ ಅಣ್ಣನ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರವನ್ನು. ಕಡತದಿಂದ ಆ ಹಾಳೆಯನ್ನು ತೆಗೆದು, ತರುಣನನ್ನು ಕರೆಸಿ, ಮಾತು ಕೇಳಿ, ಹೊಸದಾಗಿ ಬರೆಸಲು ಅರ್ಧ ಗಂಟೆ ಸಾಕಾಯಿತು. ಆದರೆ ಆ ಹಾಳೆ ಅಲ್ಲಿ ನಾಲ್ಕು ತಿಂಗಳು ಬಿದ್ದಿತ್ತು. ಒಂದು ಶಬ್ದದ ಎರಡು ಅರ್ಥಗಳ ನಡುವೆ ಒಂದು ಸಂಸಾರ ಸಿಲುಕಿಕೊಂಡಿತ್ತು.

ನಮ್ಮ ಸಂವಿಧಾನದ 350ನೆಯ ಅನುಚ್ಛೇದವು ಯಾವ ನಾಗರಿಕನೂ ತನ್ನ ಅಹವಾಲನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಇಲ್ಲವೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆಂದು ಹೇಳುತ್ತದೆ. 350-ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯವನ್ನು ಒದಗಿಸುವ ಹೊಣೆಯನ್ನು ರಾಜ್ಯದ ಮೇಲೆ ಹೊರಿಸುತ್ತದೆ. ಎರಡನೆಯದರ ಆಸರೆಯಲ್ಲಿ ನಮ್ಮ ಶಾಲೆಗಳು ನಿಂತಿವೆ, ಪುಣೆಯ ಬಾಲಭಾರತಿ ಕನ್ನಡ ಪಠ್ಯಪುಸ್ತಕಗಳನ್ನು ಮುದ್ರಿಸುತ್ತಿದೆ. ಮೊದಲನೆಯದನ್ನು ಮಾತ್ರ ನಾವು ಬಹುಪಾಲು ಮರೆತೇಬಿಟ್ಟಿದ್ದೇವೆ. ಹಕ್ಕಿದೆಯೆಂದು ಮರಾಠಿಯನ್ನು ದೂರವಿಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಮರಾಠಿಯು ನಮ್ಮ ನೆರೆಹೊರೆಯ, ಅನ್ನದ, ಆಡಳಿತದ ಭಾಷೆ. ಅದನ್ನು ಚೆನ್ನಾಗಿ ಕಲಿಯುವುದು ನಮ್ಮ ಕರ್ತವ್ಯ. ಮೂಲ ಅಹವಾಲು ಹೇಳುವವನ ಕನ್ನಡದಲ್ಲಿರಲಿ, ಜೊತೆಗೆ ನಿರ್ದುಷ್ಟವಾದ ಮರಾಠಿ ಅನುವಾದವಿರಲಿ ಎಂಬುದಷ್ಟೇ ನನ್ನ ಸೂಚನೆ. ಆಗ ಹೇಳಿದವನ ಮಾತೂ ಉಳಿಯುತ್ತದೆ, ಕೆಲಸವೂ ಸಾಗುತ್ತದೆ.

ಎರಡು ಭಾಷೆಗಳ ನಡುವೆ ನಿಂತು ಸಾರ್ವಜನಿಕ ಕಾರ್ಯ ಮಾಡಿದವರ ಪರಂಪರೆ ನಮಗೆ ಹೊಸದಲ್ಲ. ಸ್ವಾಮಿ ರಾಮಾನಂದ ತೀರ್ಥರು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ 1903ರಲ್ಲಿ ಜನಿಸಿದವರು. ಉಸ್ಮಾನಾಬಾದ ಜಿಲ್ಲೆಯ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಶಿಕ್ಷಕರಾಗಿದ್ದು, ತರುವಾಯ ಹೈದರಾಬಾದ ವಿಮೋಚನೆಯ ಹೋರಾಟದ ನೇತೃತ್ವ ವಹಿಸಿದರು. 1952ರಲ್ಲಿ ಗುಲ್ಬರ್ಗಾದಿಂದಲೂ 1957ರಲ್ಲಿ ಔರಂಗಾಬಾದದಿಂದಲೂ ಲೋಕಸಭೆಗೆ ಆರಿಸಿಬಂದರು. ಉದಗೀರ, ನಿಲಂಗಾದ ವಿದ್ಯಾರ್ಥಿಗಳು ಪದವಿ ಪಡೆಯುವ, 1994ರಲ್ಲಿ ಸ್ಥಾಪಿತವಾದ ನಾಂದೇಡ ವಿಶ್ವವಿದ್ಯಾಲಯವು ಅವರ ಹೆಸರನ್ನೇ ಹೊತ್ತಿದೆ. ಶಾಲೆಯಿಂದ ಸದನದವರೆಗಿನ ಹಾದಿಯನ್ನು ಎರಡೂ ನಾಡುಗಳ ಜನರೊಡನೆ ನಡೆದ ಆ ಮಹನೀಯರು ನಮ್ಮ ಮಕ್ಕಳಿಗೆ ಆದರ್ಶವಾಗಬಾರದೇಕೆ?

ಇಂದು ಇಂಥ ತರಬೇತಿಗೆ ಮಾರ್ಗಗಳು ತೆರೆದಿವೆ. ದಿಲ್ಲಿಯ ಪಿ.ಆರ್.ಎಸ್. ಸಂಸ್ಥೆಯು 2010ರಿಂದ ತರುಣ ಪದವೀಧರರನ್ನು ಸಂಸದರಿಗೆ ಸಂಶೋಧನಾ ಸಹಾಯಕರಾಗಿ ನಿಯೋಜಿಸುತ್ತ ಬಂದಿದೆ. ಮಹಾರಾಷ್ಟ್ರ ಸರ್ಕಾರವು 2024ರಲ್ಲಿ ಆರಂಭಿಸಿದ ಯುವ ಕಾರ್ಯ ತರಬೇತಿ ಯೋಜನೆಯಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರಿಗೆ 6,000, ಪದವೀಧರರಿಗೆ 10,000 ರೂಪಾಯಿ ಮಾಸಿಕ ವಿದ್ಯಾವೇತನವನ್ನು ಗೊತ್ತುಮಾಡಿತು. ತರಬೇತಿಯವನ ಶ್ರಮಕ್ಕೂ ಬೆಲೆಯುಂಟು ಎಂಬ ತತ್ತ್ವವನ್ನು ಸರ್ಕಾರವೇ ಒಪ್ಪಿದಂತಾಯಿತು. ಆದರೆ ದಿಲ್ಲಿ ದೂರ. ನಮ್ಮ ಬೆಂಚು ಹತ್ತಿರ.

'ರಾಜಕಾರಣಿಯ ಬಾಗಿಲಿಗೆ ಮಕ್ಕಳನ್ನು ಕಳುಹಿಸುವುದೇ? ಧ್ವಜ ಕಟ್ಟುವ, ಜಯಘೋಷ ಕೂಗುವ ಕೆಲಸಕ್ಕೆ ಹಚ್ಚಿಯಾರು' ಎಂದು ಪಾಲಕರು ಅಂಜುವುದು ಸಹಜ. ಆ ಅಂಜಿಕೆ ನಿರಾಧಾರವಲ್ಲ. ಸಮಾರಂಭಕ್ಕೆ ಕುರ್ಚಿ ಹಾಕುವ ಕರೆ ನನಗೂ ಬಂದಿತ್ತು. ಅದು ತರಬೇತಿಯ ಭಾಗವಲ್ಲವೆಂದು ವಿನಯದಿಂದ ತಿಳಿಸಿದೆ, ಮತ್ತಾರೂ ಒತ್ತಾಯಿಸಲಿಲ್ಲ. ಪಕ್ಷದ ಕಾರ್ಯಾಲಯ ಬೇರೆ, ಚುನಾಯಿತ ಪ್ರತಿನಿಧಿಯ ಕಚೇರಿ ಬೇರೆ. ಎರಡನೆಯದು ಮತ ಹಾಕಿದವನದೂ ಹೌದು, ಹಾಕದವನದೂ ಹೌದು. ಈ ಭೇದವನ್ನು ವಿದ್ಯಾರ್ಥಿಯೂ ಕಚೇರಿಯವರೂ ಮೊದಲೇ ಬರಹದಲ್ಲಿ ಒಪ್ಪಿಕೊಂಡರೆ ಅಂಜಿಕೆಗೆ ಎಡೆಯಿರುವುದಿಲ್ಲ. ನಾವು ದೂರ ನಿಂತರೆ ಆ ಕಚೇರಿಗಳೇನೂ ಮುಚ್ಚುವುದಿಲ್ಲ. ನಮ್ಮವರ ಅರ್ಜಿಗಳು ಮಾತ್ರ ತಪ್ಪು ಕಡತದಲ್ಲಿ ಬಿದ್ದಿರುತ್ತವೆ.

ಆದುದರಿಂದ ಹಳೆಯ ವಿದ್ಯಾರ್ಥಿಗಳ ಸಂಘವು ಸುವರ್ಣ ಮಹೋತ್ಸವದ ನಿಧಿಯಿಂದ ಒಂದು ಅಂಶವನ್ನು ತೆಗೆದಿರಿಸಿ, ಈ ಶಾಲೆಯಲ್ಲಿ ಓದಿ ಈಗ ಕಾಲೇಜಿನಲ್ಲಿರುವ ಇಬ್ಬರನ್ನು, ಒಬ್ಬಳು ವಿದ್ಯಾರ್ಥಿನಿ ಇರುವಂತೆ ನೋಡಿಕೊಂಡು, ಪ್ರತಿ ವರ್ಷವೂ ಆರು ವಾರಗಳ ತರಬೇತಿಗೆ ಕಳುಹಿಸಬೇಕೆಂದು ವಿನಂತಿಸುತ್ತೇನೆ. ಪಕ್ಷಭೇದವೆಣಿಸದೆ ಮೂರೂ ತಾಲೂಕುಗಳ ಪ್ರತಿನಿಧಿಗಳನ್ನು ಕೇಳಿಕೊಳ್ಳಬೇಕು. ಚುನಾವಣೆಯ ಕಾಲದಲ್ಲಿ ಯಾರನ್ನೂ ಕಳುಹಿಸಬಾರದು. ಬಸ್ಸಿನ ಖರ್ಚು, ಊಟದ ಖರ್ಚುಗಳಿಗೆ ಸಾಲುವಷ್ಟು ವಿದ್ಯಾವೇತನ ಸಂಘದಿಂದಲೇ ಸಲ್ಲಬೇಕು; ಇಲ್ಲವಾದರೆ ಕೂಲಿಕಾರರ ಮಗನಿಗೆ ಈ ಪಾಠ ದಕ್ಕದು. ಅರ್ಜಿದಾರರ ರೋಗ, ಸಾಲ, ಮನೆಯ ಕಲಹಗಳ ವಿವರ ಕಚೇರಿಯಿಂದ ಹೊರಗೆ ಬಾರದಂತೆ ವಿದ್ಯಾರ್ಥಿಯು ವಚನ ಕೊಡಬೇಕು. ಹಿಂದಿರುಗಿದವರು ಒಂದು ದಿನ ಶಾಲೆಗೆ ಬಂದು, ಅರ್ಜಿಯನ್ನು ಬರೆಯುವುದು ಹೇಗೆ, ಯಾರಿಗೆ, ಯಾವ ದಾಖಲೆಗಳೊಡನೆ ಎಂಬುದನ್ನು ಎರಡೂ ಭಾಷೆಗಳಲ್ಲಿ ಕಿರಿಯರಿಗೆ ಕಲಿಸಬೇಕು.

ಗುರುಗಳು ಈ ಶಾಲೆಯಲ್ಲಿ ನಮ್ಮ ಕೈ ಹಿಡಿದು ಅಕ್ಷರ ತಿದ್ದಿಸಿದರು. ಆ ಅಕ್ಷರ ನೆರೆಮನೆಯ ಅವ್ವನ ಹೆಸರನ್ನು ಸರ್ಕಾರದ ಪುಸ್ತಕದಲ್ಲಿ ಸರಿಯಾಗಿ ಬರೆಸುವುದಕ್ಕೆ ಉಪಯೋಗವಾದರೆ ಅವರ ಋಣ ಸ್ವಲ್ಪವಾದರೂ ತೀರೀತು. ಇಬ್ಬರು ವಿದ್ಯಾರ್ಥಿಗಳ ಮೊದಲ ತಂಡವು ಬರುವ ಬೇಸಿಗೆಯ ರಜೆಗೇ ಹೊರಡುವಂತಾಗಲಿ ಎಂದು ಸಂಘದ ಪದಾಧಿಕಾರಿಗಳಲ್ಲಿಯೂ ಪಾಲಕರಲ್ಲಿಯೂ ಸವಿನಯವಾಗಿ ಪ್ರಾರ್ಥಿಸುತ್ತೇನೆ.