ಮೂರನೆಯದು ಬೋಗಸ್ ಅಂದವರಿಗೆ

ಕಳೆದ ಶುಕ್ರವಾರ ಆಫೀಸಿನ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವರು ಬಂದು ನಿಂತರೂ ನಮ್ಮ ಜಗಳ ಮುಗಿದಿರಲಿಲ್ಲ. ವಿಷಯ ಅಪ್ರೈಸಲ್ ಅಲ್ಲ, ಸಿಲ್ಕ್ ಬೋರ್ಡ್ ಟ್ರಾಫಿಕ್ಕೂ ಅಲ್ಲ. 'ಇಪ್ ಮ್ಯಾನ್ 3'. ಕೂತಿದ್ದ ನಾಲ್ವರಲ್ಲಿ ಮೂವರದು ಒಂದೇ ತೀರ್ಪು: ಮೊದಲೆರಡರ ಮಟ್ಟಕ್ಕೆ ಇಲ್ಲ, ಮೂರನೆಯದು ಬೋಗಸ್. ನಾನೊಬ್ಬನೇ ಇಲ್ಲ ಅಂದೆ. ಕಾರಣ ಹೇಳುವಷ್ಟರಲ್ಲಿ ಎರಡು ಗಂಟೆಯ ಮೀಟಿಂಗ್ ಬಂತು. ಅಲ್ಲಿ ಉಳಿದದ್ದನ್ನ ಇಲ್ಲಿ ಹೇಳ್ತೀನಿ.

ನೋಡದವರಿಗೆ ಎರಡು ಮಾತು. ಇಪ್ ಮ್ಯಾನ್ ಅನ್ನೋದು ನಿಜವಾಗಿ ಬದುಕಿದ್ದ ಮನುಷ್ಯನ ಹೆಸರು. ವಿಂಗ್ ಚುನ್ ಎಂಬ ಕುಂಗ್ ಫೂ ಪದ್ಧತಿಯ ಗುರು, ಬ್ರೂಸ್ ಲೀಗೆ ಕಲಿಸಿದಾತ, 1972ರಲ್ಲಿ ಹಾಂಗ್‌ಕಾಂಗಿನಲ್ಲಿ ತೀರಿಕೊಂಡ. ಅವನ ಮೇಲೆ ನಿರ್ದೇಶಕ ವಿಲ್ಸನ್ ಯಿಪ್, ನಟ ಡಾನಿ ಯೆನ್ ಸೇರಿ ನಾಲ್ಕು ಸಿನಿಮಾ ಮಾಡಿದರು: 2008, 2010, 2015, 2019. ಮೊದಲನೆಯದರಲ್ಲಿ ಎದುರಾಳಿ ಚೀನಾವನ್ನು ಆಕ್ರಮಿಸಿದ ಜಪಾನೀ ಸೈನ್ಯ. ಕಣ್ಣೆದುರೇ ಒಬ್ಬ ಗುರುವನ್ನು ಗುಂಡಿಟ್ಟು ಕೊಂದಾಗ ಇಪ್ ಮ್ಯಾನ್ ಹತ್ತು ಮಂದಿ ಕರಾಟೆಯವರನ್ನು ಒಟ್ಟಿಗೆ ಕರೆದು ಬಡಿಯುತ್ತಾನೆ. ಎರಡನೆಯದರಲ್ಲಿ ಬ್ರಿಟಿಷರ ಹಾಂಗ್‌ಕಾಂಗು, ಚೀನೀಯರನ್ನು ಹೀಯಾಳಿಸುವ ಒಬ್ಬ ಬಾಕ್ಸರ್. ಸಾಮೋ ಹಂಗ್ ಜೊತೆ ದುಂಡು ಮೇಜಿನ ಮೇಲೆ ನಿಂತು ಆಡುವ ಕಾದಾಟ ಇರೋದೂ ಅದರಲ್ಲೇ. ಎರಡೂ ಅದ್ಭುತ, ಅದರಲ್ಲಿ ನನ್ನ ತಕರಾರಿಲ್ಲ.

ಮೂರನೆಯದರ ಮೇಲೆ ಗೆಳೆಯರು ಹೊರಿಸಿದ ಆರೋಪ ಮೂರು. ಒಂದು, ಎದುರಾಳಿ ಸಣ್ಣವನು. ಒಂದು ಸೈನ್ಯ, ಒಂದು ಸಾಮ್ರಾಜ್ಯ ಆದ ಮೇಲೆ ಶಾಲೆಯ ಜಾಗ ಹೊಡೆಯೋಕೆ ಬಂದ ಒಬ್ಬ ಲ್ಯಾಂಡ್ ಡೆವಲಪರ್ರೇ? ಎರಡು, ಮೈಕ್ ಟೈಸನ್‌ನನ್ನು ಪೋಸ್ಟರಿಗೆ ಕರೆಸಿ ಮೂರು ನಿಮಿಷ ಹೊಡೆದಾಡಿಸಿ ಕಳಿಸಿದ್ದಾರೆ. ಮೂರು, ಅರ್ಧ ಸಿನಿಮಾ ಹೆಂಡತಿಯ ಕಾಯಿಲೆಯ ಗೋಳು.

ಎರಡನೆಯದನ್ನು ಒಪ್ಪಿಬಿಡ್ತೀನಿ. ಟೈಸನ್ ಭಾಗ ಮದುವೆ ಊಟದಲ್ಲಿ ಬಡಿಸಿದ ಪಿಜ್ಜಾ. ಮೂರು ನಿಮಿಷ ನಿಂತರೆ ಶಾಲೆಯ ತಂಟೆಗೆ ಬರಲ್ಲ ಅಂತ ಪಂದ್ಯ, ಗಂಟೆ ಹೊಡೆಯಿತು, ಮಾತಿಗೆ ತಪ್ಪದೆ ಆಸಾಮಿ ಕಥೆಯಿಂದಲೇ ಎದ್ದು ಹೋದ. ಶಾಲೆಯ ಕಥೆಗೂ ಮನೆಯ ಕಥೆಗೂ ಹಾಕಿದ ಹೊಲಿಗೆ ಎದ್ದು ಕಾಣುತ್ತದೆ. ಸರಿ.

ಆದರೆ ಒಂದು, ಮೂರನೆಯ ಆರೋಪಗಳಲ್ಲಿ ತಪ್ಪಿರೋದು ಸಿನಿಮಾದ್ದಲ್ಲ, ನಮ್ಮ ಅಳತೆಗೋಲಿನದು. ಈ ಅಳತೆಗೋಲು ನಮಗೆ ಎಲ್ಲಿಂದ ಬಂತು ಅಂತಲೂ ಗೊತ್ತು. ವರ್ಷಕ್ಕೊಮ್ಮೆ ಫಾರ್ಮ್ ತುಂಬ್ತೀವಲ್ಲ, ಹೋದ ವರ್ಷಕ್ಕಿಂತ ದೊಡ್ಡದೇನು ಮಾಡಿದಿರಿ ಅಂತ. ಅಷ್ಟೇ ಕೆಲಸವನ್ನು ಇನ್ನಷ್ಟು ಚೊಕ್ಕ ಮಾಡಿದೆ ಅಂದರೆ ನಂಬರು ಬೀಳಲ್ಲ. ಅದೇ ಕಣ್ಣಲ್ಲಿ ಸಿನಿಮಾನೂ ನೋಡ್ತೀವಿ: ಭಾಗ ಎರಡಕ್ಕೆ ಎರಡು ಪಟ್ಟು ವಿಲನ್, ಭಾಗ ಮೂರಕ್ಕೆ ಮೂರು ಪಟ್ಟು. 'ಕೆಜಿಎಫ್' ಎರಡನೇ ಅಧ್ಯಾಯ 2022ರಲ್ಲಿ ಬಂದ ಮೇಲಂತೂ ಗಾಂಧಿನಗರದಲ್ಲಿ ಮೊದಲ ಭಾಗ ಬರೆಯುವ ಮುಂಚೆಯೇ ಎರಡನೆಯದನ್ನು ಘೋಷಿಸುವ ಚಟ ಹತ್ತಿದೆ.

ನಾನು ಹತ್ತರಗಿಯವನು. ಹೈವೇ ಮೇಲೆ ಬೆಳಗಾವಿ ದಾಟಿ ಸಂಕೇಶ್ವರದ ಕಡೆ ಹೋದವರಿಗೆ ನಮ್ಮೂರು ಅಂದರೆ ಟೋಲ್ ನಾಕಾ. ಅದೇ ಹೈವೇ ಹಿಡಿದು ಒಂದೂವರೆ ತಾಸು ಹೋದರೆ ಕೊಲ್ಲಾಪುರ, ಶಾಹು ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ. ಹಾಗಾಗಿ ನಮ್ಮ ಕಡೆ ಹಳ್ಳಿಯವರಿಗೆ ಕುಸ್ತಿ ನೋಡೋದನ್ನ ಯಾರೂ ಕಲಿಸಬೇಕಿಲ್ಲ. ಜಾತ್ರೆಯ ಕುಸ್ತಿಗೂ ಸೀಕ್ವೆಲ್ಲಿನ ಲೆಕ್ಕವೇ. ಮೊದಲು ತೆಂಗಿನಕಾಯಿಗೆ ಆಡೋ ಹುಡುಗರು, ಆಮೇಲೆ ನೂರು ಇನ್ನೂರಿನ ಜೋಡಿ, ಹೊತ್ತು ಮುಳುಗೋ ಹೊತ್ತಿಗೆ ಬೆಳ್ಳಿ ಕಡಗದ ನಿಕಾಲಿ ಕುಸ್ತಿ. ಆದರೆ ಸುತ್ತ ಕೂತ ಹಿರಿಯರನ್ನು ಗಮನಿಸಿ. ದೊಡ್ಡ ಜೋಡಿ ಒಬ್ಬರನ್ನೊಬ್ಬರು ತಳ್ಳುತ್ತ ಅರ್ಧ ತಾಸು ಕಳೆದರೆ ಎಲೆಯಡಿಕೆ ಹಾಕ್ತಾರೆ. ತೆಂಗಿನಕಾಯಿ ಹುಡುಗನೊಬ್ಬ ಸರಿಯಾದ ಹೊತ್ತಿಗೆ ಸರಿಯಾದ ಪಟ್ಟು ಹಾಕಿದರೆ ಎದ್ದು ನಿಂತು ಪೇಟಾ ಬೀಸ್ತಾರೆ. ಎದುರಿಗೆ ಯಾರಿದ್ದ ಅನ್ನೋದಷ್ಟೇ ಅಲ್ಲ, ಆ ಗಳಿಗೆಗೆ ಮೈ ಏನು ಮಾಡಿತು ಅನ್ನೋದೂ ಅವರ ಲೆಕ್ಕ.

ನಮ್ಮ ಕಾಕಾ ಹರೆಯದಲ್ಲಿ ತಾಲೀಮಿಗೆ ಹೋಗ್ತಿದ್ದವರು. ಎರಡು ವರ್ಷದ ಹಿಂದೆ ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಅವರಿಗೆ 'ಇಪ್ ಮ್ಯಾನ್ 3' ಹಾಕಿ ಕೊಟ್ಟೆ. ಭಾಷೆ ತಿಳಿಯಲ್ಲ, ಸಬ್‌ಟೈಟಲ್ ಓದಲ್ಲ. ಟೈಸನ್ ಬಂದಾಗ ಫೋನ್ ಬಂತು ಅಂತ ಎದ್ದು ಹೋಗಿ ಬಂದರು. ಲಿಫ್ಟಿನ ದೃಶ್ಯ ಬಂದಾಗ ಮಾತ್ರ ಗೋಡೆಗೆ ಒರಗಿದ್ದವರು ನೆಟ್ಟಗೆ ಕೂತರು.

ಆ ದೃಶ್ಯ ಗೊತ್ತಲ್ಲ? ಇಪ್ ಮ್ಯಾನ್, ಅವನ ಹೆಂಡತಿ ಲಿಫ್ಟಿನಲ್ಲಿದ್ದಾರೆ. ಥಾಯ್ ಪದ್ಧತಿಯ ಒಬ್ಬ ಹೊಡೆದಾಟಗಾರ ಒಳಗೆ ನುಗ್ಗುತ್ತಾನೆ. ಮೊಣಕಾಲು, ಮೊಣಕೈ ಬೀಸೋ ಆಸಾಮಿ, ಜಾಗ ನೋಡಿದರೆ ನಾಲ್ಕು ಅಡಿ. ಇಪ್ ಮ್ಯಾನ್ ಹೆಂಡತಿಯನ್ನು ಬೆನ್ನ ಹಿಂದಿನ ಮೂಲೆಗೆ ಸರಿಸಿ, ಒಂದು ಏಟೂ ಅವಳಿಗೆ ತಾಗದ ಹಾಗೆ ಕಾದಾಡುತ್ತಾನೆ. ಆಮೇಲೆ ಎದುರಾಳಿಯನ್ನು ಹೊರಗೆ ದಬ್ಬಿ, ಬಾಗಿಲು ಮುಚ್ಚಿ, ಅವಳು ಲಿಫ್ಟಿನಲ್ಲಿ ಇಳಿಯುವ ಹಾಗೆ ಮಾಡಿ, ತಾನು ಮೆಟ್ಟಿಲುಗುಂಟ ಬಡಿದಾಡುತ್ತ ಇಳಿಯುತ್ತಾನೆ.

ಕಾಕಾ ಅಂದದ್ದು: "ನೋಡ್ಪಾ ತಮ್ಮಾ, ಅವಾ ಹೊಡ್ಯಾಕತ್ತಿಲ್ಲ. ಬಾಗಲಾ ಕಾಯಾಕತ್ತಾನ."

ಮೊದಲೆರಡು ಸಿನಿಮಾದಲ್ಲಿ ಇಂಥ ದೃಶ್ಯ ಸಾಧ್ಯವೇ ಇರಲಿಲ್ಲ. ಅಲ್ಲಿನ ಕಾದಾಟ ಸುತ್ತ ಜನ ನಿಂತು ನೋಡುವಂಥದ್ದು, ಜಯಕಾರ ಬೇಡುವಂಥದ್ದು. ವಿಂಗ್ ಚುನ್ ಅನ್ನೋದು ಮೂಲದಲ್ಲಿ ಹತ್ತಿರದ ಕಾದಾಟದ ವಿದ್ಯೆ. ಮೊಣಕೈಯನ್ನು ಮೈಗೆ ಹತ್ತಿರ ಇಟ್ಟು, ಎದೆಯ ನಡುಗೆರೆ ಕಾಯುತ್ತ, ಅಡ್ಡಗಟ್ಟಿದ ಕೈಯಿಂದಲೇ ತಿರುಗಿ ಹೊಡೆಯೋದು. ಆ ವಿದ್ಯೆ ಯಾತಕ್ಕೆ ಇದೆ ಅಂತ ನಾಲ್ಕಡಿ ಲಿಫ್ಟಿನಲ್ಲಿ ತಿಳಿದಷ್ಟು ಹತ್ತು ಮಂದಿಯನ್ನು ಮಲಗಿಸಿದ ಅಂಗಳದಲ್ಲಿ ತಿಳಿಯಲ್ಲ. ಮೊದಲೆರಡಕ್ಕೆ ಸಾಮೋ ಹಂಗ್ ಸಾಹಸ ಸಂಯೋಜಕ, ಮೂರಕ್ಕೆ ಯುಯೆನ್ ವೂ-ಪಿಂಗ್. ಆ ಬದಲಾವಣೆಯಿಂದ ಸಿನಿಮಾ ಕೆಟ್ಟಿತು ಅನ್ನುವವರು ಈ ಒಂದು ದೃಶ್ಯಕ್ಕೆ ಉತ್ತರ ಕೊಡಲಿ.

ಇನ್ನು ಹೆಂಡತಿಯ ಗೋಳು. ಕಥೆಯಲ್ಲಿ ಜಾಂಗ್ ಟಿಯಾನ್‌ಜಿ ಅಂತ ಒಬ್ಬ ಇದ್ದಾನೆ. ರಿಕ್ಷಾ ಎಳೆದು ಮಗನನ್ನು ಸಾಕುವವ, ಅವನೂ ವಿಂಗ್ ಚುನ್ ಬಲ್ಲವ. ನಿಜವಾದ ಗುರು ಯಾರು, ಬಾ ತೀರ್ಮಾನ ಆಗಲಿ ಅಂತ ಊರೆದುರು ಸವಾಲು ಹಾಕುತ್ತಾನೆ. ಹೇಳಿದ ದಿನಕ್ಕೆ ಜನ, ಪತ್ರಿಕೆಯವರು ಎಲ್ಲ ಸೇರುತ್ತಾರೆ. ಇಪ್ ಮ್ಯಾನ್ ಬರುವುದಿಲ್ಲ. ಕ್ಯಾನ್ಸರಿನ ಹೆಂಡತಿಯ ಜೊತೆ ಡಾನ್ಸ್ ಮಾಡುತ್ತಿರುತ್ತಾನೆ. ನನ್ನ ಗೆಳೆಯರಿಗೆ ಇದು ಕಥೆ ಕುಸಿದ ಜಾಗ. ನನಗೆ ಇಡೀ ಸರಣಿಯ ಎತ್ತರದ ಜಾಗ.

ಅವನು ಸೋಲಲಿಲ್ಲ, ಬೇರೆ ಥರ ಗೆದ್ದ ಅಂತ ಕಾಕಾನಿಗೆ ವಿವರಿಸೋಕೆ ಹೋದೆ. ಅವರು ಒಪ್ಪಲಿಲ್ಲ. "ಕಣಕ್ಕ ಬರಲಿಲ್ಲಂದ್ರ ಸೋತಂಗನ. ಸೋಲ್ಲಿ ಬಿಡು, ಅದರಾಗೇನೈತಿ?"

ನನ್ನ ವಾದಕ್ಕಿಂತ ಅವರ ಮಾತು ಸರಿ. ಅವನು ಸೋತ. ಹೀರೋ ಗೊತ್ತಿದ್ದೂ ಸೋಲಲಿ ಅಂತ ಬಿಡುವ ಧೈರ್ಯ ಮೊದಲೆರಡು ಸಿನಿಮಾಕ್ಕೆ ಇರಲಿಲ್ಲ. ಕೊನೆಗೆ ಹೆಂಡತಿಯೇ ಆ ಕಾದಾಟವನ್ನು ಗೊತ್ತುಮಾಡಿ, ಮುಚ್ಚಿದ ಬಾಗಿಲ ಹಿಂದೆ ಇಬ್ಬರೂ ಕೋಲು, ಚೂರಿ, ಬರಿಗೈ ಮೂರರಲ್ಲೂ ಸೆಣಸುವಂತೆ ಮಾಡಿ, ಸಿನಿಮಾ ಆ ಸೋಲನ್ನು ಸ್ವಲ್ಪ ವಾಪಸ್ ತೆಗೆದುಕೊಳ್ಳುತ್ತದೆ, ಒಪ್ಪಿದೆ. ಆದರೂ ಆ ಕೋಣೆಯಲ್ಲಿ ಚಪ್ಪಾಳೆ ತಟ್ಟುವ ಗುಂಪಿಲ್ಲ. ನೋಡುತ್ತಿರುವವಳು ಅವಳು.

ಇದೆಲ್ಲ ಸುಳ್ಳು ಇತಿಹಾಸ ಅಂತ ಒಬ್ಬ ಗೆಳೆಯ ಅಂದ. ಹೌದು, ಸುಳ್ಳೇ. ನಿಜವಾದ ಇಪ್ ಮ್ಯಾನ್ 1949ರ ಹೊತ್ತಿಗೆ ಫೋಶಾನ್ ಬಿಟ್ಟು ಹಾಂಗ್‌ಕಾಂಗಿಗೆ ಬಂದ. ಆಮೇಲೆ ಗಡಿ ಮುಚ್ಚಿತು. ಹೆಂಡತಿ ಆ ಕಡೆಯೇ ಉಳಿದು 1960ರಲ್ಲಿ ತೀರಿಕೊಂಡಳು. ಕೊನೆಗಾಲದಲ್ಲಿ ಗಂಡ ಅವಳ ಪಕ್ಕದಲ್ಲಿರಲಿಲ್ಲ. ಹಾಗೆ ನೋಡಿದರೆ ಮೊದಲ ಸಿನಿಮಾದ ಜಪಾನೀ ಜನರಲ್ ಜೊತೆಗಿನ ಕಾಳಗವೂ ಸುಳ್ಳು, ಎರಡನೆಯದರ ಬಾಕ್ಸರೂ ಸುಳ್ಳು. ಆ ಎರಡು ಸುಳ್ಳು ಅವನನ್ನು ದೇಶದ ವೀರ ಮಾಡಿದವು. ಮೂರನೆಯ ಸುಳ್ಳು, ಆ ಮನುಷ್ಯನಿಗೆ ಬದುಕಿನಲ್ಲಿ ಸಿಗದೇ ಹೋದ ಕೆಲವು ದಿನಗಳನ್ನು ಕೊಟ್ಟಿತು. ಯಾವ ಸುಳ್ಳು ಹೆಚ್ಚು ಬೇಕಿತ್ತು ಅಂತ ನೀವೇ ಹೇಳಿ.

ಹಾಗಂತ ಮೂರನೆಯ ಭಾಗ ಅಂದ ಕೂಡಲೇ ಸಮರ್ಥಿಸುವವನು ನಾನಲ್ಲ. ನಮ್ಮದೇ ಉದಾಹರಣೆ ಇದೆ. 'ಎಸ್.ಪಿ. ಸಾಂಗ್ಲಿಯಾನ' ಬಂದದ್ದು 1988ರಲ್ಲಿ, ಎಚ್.ಟಿ. ಸಾಂಗ್ಲಿಯಾನ ಎಂಬ ನಿಜವಾದ ಪೊಲೀಸ್ ಅಧಿಕಾರಿಯ ಹೆಸರು ಹೊತ್ತು. ಭಾಗ ಎರಡು 1990ರಲ್ಲಿ. ಎರಡರಲ್ಲೂ ಕರಾಟೆ ಕಿಂಗ್ ಶಂಕರ್ ನಾಗ್. ಅದೇ ವರ್ಷ ಸೆಪ್ಟೆಂಬರ್ 30ರಂದು, 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆ ಅಂತ ನಮ್ಮ ಸೀಮೆಯ ಲೋಕಾಪುರಕ್ಕೆ ಬರುತ್ತಿದ್ದಾಗ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತವಾಗಿ ಅವರು ಹೋಗಿಬಿಟ್ಟರು. ನಮ್ಮೂರ ಮುಂದೆ ಹಾಯುವುದೂ ಅದೇ ಹೈವೇ. ಏಳು ವರ್ಷದ ಮೇಲೆ 1997ರಲ್ಲಿ 'ಸಾಂಗ್ಲಿಯಾನ ಭಾಗ 3' ಬಂತು, ದೇವರಾಜ್ ನಾಯಕ. ದೇವರಾಜ್ ಒಳ್ಳೆಯ ನಟ, ಪೊಲೀಸ್ ಖಾಕಿ ಅವರ ಮೈಗೆ ಒಪ್ಪಿದಷ್ಟು ಕೆಲವರಿಗೇ ಒಪ್ಪೀತು. ಆದರೂ ಅದು ಭಾಗ ಮೂರು ಅಲ್ಲ, ಹೆಸರಿನ ಬೋರ್ಡು ಮಾತ್ರ. ಹೊಡೆದಾಟದ ಸಿನಿಮಾ ನಿಲ್ಲೋದು ಒಂದು ಮೈಯ ಮೇಲೆ. ಆ ಮನುಷ್ಯ ಕಾಲೆತ್ತುವ ರೀತಿ, ಏಟು ತಿಂದು ನಗುವ ರೀತಿ, ಇವು ಮುಂದಿನವರಿಗೆ ಹಸ್ತಾಂತರ ಆಗಲ್ಲ.

ಅದಕ್ಕೇ ನನ್ನ ಅಳತೆ ಬೇರೆ. ಮೂರನೆಯದು ಅಂತ ಇರೋದರಿಂದಲೇ ಹೇಳೋಕೆ ಆದದ್ದೇನು? ಇದೊಂದೇ ಪ್ರಶ್ನೆ ಕೇಳಿ. ಅದೇ ಡಾನಿ ಯೆನ್, ಮೊದಲ ಭಾಗ ಮಾಡಿದಾಗ ನಲವತ್ತೈದು, ಮೂರನೆಯದಕ್ಕೆ ಐವತ್ತೆರಡು. ಹತ್ತು ಮಂದಿಯನ್ನು ಉರುಳಿಸಿದ್ದನ್ನು ನಾವು ನೋಡಿದ್ದೇವೆ. ಆ ಕೈಗಳೇ ಆಸ್ಪತ್ರೆಯಲ್ಲಿ ಏನೂ ಮಾಡಲಾಗದೆ ಕೂತಾಗ ಮಾತ್ರ ಅದು ಎದೆಗೆ ನಾಟುತ್ತದೆ. ಮೊದಲ ಸಿನಿಮಾದಲ್ಲೇ ಈ ಕಥೆ ಹೇಳಿದ್ದರೆ ನಾಟುತ್ತಿರಲಿಲ್ಲ. ಮಟ್ಟಕ್ಕಿಲ್ಲ ಅನ್ನಲೇಬೇಕಿದ್ದರೆ ನಾಲ್ಕನೆಯದಕ್ಕೆ ಅನ್ನಿ. ಅದು ಮತ್ತೆ ಅಮೆರಿಕಕ್ಕೆ ಹೋಗಿ, ಜನಾಂಗದ್ವೇಷ ಕಾರುವ ಒಬ್ಬ ಮಿಲಿಟರಿಯವನನ್ನು ಹುಡುಕಿ ತಂದು, ಎರಡನೆಯದನ್ನೇ ಇನ್ನೊಮ್ಮೆ ಬೇಯಿಸಿತು. ಅದರಲ್ಲಿ ಉಳಿಯೋದು ಕೊನೆಗೆ ಅವನು ಕಟ್ಟಿಗೆಯ ಬೊಂಬೆಯ ಮುಂದೆ ನಿಂತು, ನಾನು ಮಾಡೋದನ್ನ ಚಿತ್ರಿಸಿಕೋ ಅಂತ ಮಗನಿಗೆ ಹೇಳುವ ದೃಶ್ಯ ಮಾತ್ರ.

ನನಗೆ ಇದು ಯಾಕೆ ಇಷ್ಟು ತಾಗುತ್ತೆ ಅಂತ ಗೆಳೆಯರು ಕೇಳಿದರು. ಕೆಲವು ವರ್ಷದ ಹಿಂದೆ ಬೆಳಗಾವಿಯಲ್ಲಿ ಅವ್ವನ ಆಪರೇಷನ್ ಇತ್ತು. ಅದೇ ವಾರ ನಮ್ಮ ಪ್ರಾಜೆಕ್ಟಿನ ರಿಲೀಸ್. ಹೋಗಬೇಡ ಅಂತ ಯಾರೂ ಅನ್ನಲಿಲ್ಲ, ಮ್ಯಾನೇಜರ್ ಹೋಗಿ ಬಾ ಅಂದಿದ್ದ. ನಾನೇ ಹೋಗಲಿಲ್ಲ. ರಿಲೀಸ್ ಚೆನ್ನಾಗಿ ಆಯ್ತು, ಆ ವರ್ಷದ ರೇಟಿಂಗೂ ಚೆನ್ನಾಗಿ ಬಂತು. ಆ ರಿಲೀಸಿನಲ್ಲಿ ಏನೇನಿತ್ತು ಅಂತ ಈಗ ಕೇಳಿದರೆ ನೆನಪಿಲ್ಲ. ಎಚ್ಚರ ಆದ ಕೂಡಲೇ ಅವ್ವ ನಾನು ಬಂದೆನಾ ಅಂತ ಕೇಳಿದ್ದಳು ಅಂತ ಕಾಕಾ ಫೋನಿನಲ್ಲಿ ಹೇಳಿದ್ದು ನೆನಪಿದೆ. ಅವ್ವ ಈಗ ಆರಾಮಿದ್ದಾಳೆ. ಆ ಸಲ ನಾನು ಕಣಕ್ಕೆ ಹೋದೆ, ಗೆದ್ದೆ.

ಮುಂದಿನ ಶುಕ್ರವಾರ ಕ್ಯಾಂಟೀನಿಗೆ ಲ್ಯಾಪ್‌ಟಾಪ್ ತರ್ತೀನಿ. ಟೈಸನ್ ಭಾಗ ಓಡಿಸಿಬಿಡೋಣ. ಲಿಫ್ಟಿನ ದೃಶ್ಯ, ಅವನು ಕಣಕ್ಕೆ ಬಾರದ ದೃಶ್ಯ, ಇವೆರಡನ್ನೇ ನೋಡೋಣ. ಆಮೇಲೂ ಬೋಗಸ್ ಅನಿಸಿದರೆ ಚಹಾದ ದುಡ್ಡು ನಂದು.