ಹುಡುಕಿದರೆ ಸಿಗದ ಸರ್ಕಾರಿ ಕನ್ನಡ

‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ತಳಕು’ ಎಂದು ಟೈಪ್ ಮಾಡಿ. ಪರದೆಯ ಮೇಲೆ ಅಚ್ಚುಕಟ್ಟಾದ ಮೂರು ಕನ್ನಡ ಅಕ್ಷರ ಮೂಡುತ್ತವೆ. ಈಗ ಅದೇ ಪದವನ್ನು ಆಯ್ದುಕೊಂಡು ಫಾಂಟನ್ನು ಏರಿಯಲ್‌ಗೆ ಬದಲಿಸಿ. ಇಂಗ್ಲಿಷಿನ ಸಣ್ಣ ವಿ, ತಲೆಯ ಮೇಲೆ ಓರೆಗೀಟಿರುವ ಎ, ಕಾಲು ಭಾಗವನ್ನು ತೋರಿಸುವ ಲೆಕ್ಕದ ಚಿಹ್ನೆ, ಮತ್ತೆ ಓರೆಗೀಟಿನ ಎ, ದೊಡ್ಡ ಪಿ, ಇನ್ನೊಂದು ಓರೆಗೀಟಿನ ಎ, ಕೊನೆಗೆ ಎರಡು ಚುಕ್ಕಿ ಹೊತ್ತ ಎ. ಕಂಪ್ಯೂಟರಿನ ಒಳಗಿರುವುದು ಈ ಏಳು ಗುರುತುಗಳೇ ಹೊರತು ತಳಕು ಅಲ್ಲ. ಕಣ್ಣಿಗೆ ಕನ್ನಡದಂತೆ ಕಾಣುವ ಚಿತ್ರವನ್ನು ಫಾಂಟು ಮೇಲೆ ಹೊದಿಸಿರುತ್ತದೆ, ಅಷ್ಟೆ.

ಇದರಿಂದ ಆಗುವ ನಷ್ಟ ಏನೆಂದು ತಿಳಿಯಬೇಕಾದರೆ ಚಳ್ಳಕೆರೆ ತಾಲ್ಲೂಕಿನ ಹೋಬಳಿಗಳ ಪಟ್ಟಿಯೊಂದನ್ನು ಎಕ್ಸೆಲ್‌ನಲ್ಲಿ ಅಕಾರಾದಿಯಾಗಿ ಜೋಡಿಸಿ ನೋಡಬೇಕು. ಚಳ್ಳಕೆರೆ, ತಳಕು, ನಾಯಕನಹಟ್ಟಿ, ಪರಶುರಾಂಪುರ ಎಂಬ ಕ್ರಮ ಬರಬೇಕು. ಹಳೆಯ ಫಾಂಟಿನ ಪಟ್ಟಿಯಲ್ಲಿ ನಾಯಕನಹಟ್ಟಿಯ ‘ನ’ ಒಳಗೆ ಬ್ರಿಟನ್ನಿನ ಪೌಂಡ್ ಗುರುತು, ಪರಶುರಾಂಪುರದ ‘ಪ’ ಜಪಾನಿನ ಯೆನ್ ಗುರುತು, ಚಳ್ಳಕೆರೆಯ ‘ಚ’ ಇಂಗ್ಲಿಷಿನ ಝೆಡ್. ಹಾಗಾಗಿ ನಾಣ್ಯದ ಗುರುತುಗಳು ಮೇಲೆ ಬಂದು, ವಿ ಆದ ತಳಕು ಅವುಗಳ ಕೆಳಗಿಳಿದು, ಚಳ್ಳಕೆರೆ ತಳ ಸೇರುತ್ತದೆ. ನಾಲ್ಕು ಹೆಸರಾದರೆ ಕೈಯಲ್ಲೇ ಸರಿಪಡಿಸಬಹುದು. ಬೆಳೆ ಪರಿಹಾರದ ಪಟ್ಟಿಯಲ್ಲಿ ಸಾವಿರಾರು ಶೇಂಗಾ ಬೆಳೆಗಾರರ ಹೆಸರಿದ್ದಾಗ ಆ ಕೆಲಸ ಮಾಡುವವರು ಯಾರು? ಒಬ್ಬನ ಹೆಸರು ಎರಡು ಸಲ ಬಂದಿದೆಯೇ, ಯಾರದಾದರೂ ಬಿಟ್ಟುಹೋಗಿದೆಯೇ ಎಂದು ಹುಡುಕುವವರು ಯಾರು?

ಕಂಪ್ಯೂಟರ್ ಕೆಲಸವನ್ನು ಹಗುರ ಮಾಡುವ ಸಣ್ಣ ಸಣ್ಣ ತಂತ್ರಾಂಶಗಳು ಇವತ್ತು ಬಿಟ್ಟಿಯಾಗಿ ಸಿಗುತ್ತವೆ. ಆದರೆ ಅವು ಕನ್ನಡದಲ್ಲಿ ದುಡಿಯುವವರ ಕೈಗೆ ಬಂದಿಲ್ಲ. ಅದಕ್ಕೆ ಜನರ ಅಜ್ಞಾನ ಕಾರಣವಲ್ಲ. ಸರ್ಕಾರ ತಾನೇ ಒಪ್ಪಿದ ನಿಯಮವನ್ನು ಜಾರಿಗೆ ತರದೆ ನಮ್ಮ ಅಕ್ಷರಗಳನ್ನು ಹಳೆಯ ಫಾಂಟುಗಳ ಸೆರೆಯಲ್ಲಿ ಬಿಟ್ಟಿದೆ. ನನ್ನ ತಕರಾರು ಇಷ್ಟೇ.

ತಳಕಿನಂಥ ಹೋಬಳಿ ಕೇಂದ್ರದ ಟೈಪಿಂಗ್ ಅಂಗಡಿಯ ಒಂದು ದಿನವನ್ನು ಗಮನಿಸಿ. ಅರ್ಜಿ, ಅಫಿಡವಿಟ್ಟು, ಮದುವೆ ಪತ್ರಿಕೆ, ಪಂಚಾಯಿತಿಯ ಟೆಂಡರ್ ಪ್ರಕಟಣೆ. ಹತ್ತರಲ್ಲಿ ಎಂಟು ಕಾಗದ ನಿನ್ನೆ ಮಾಡಿದ್ದರ ನಕಲೇ. ಹೆಸರು, ಸರ್ವೆ ನಂಬರು, ದಿನಾಂಕ ಮಾತ್ರ ಬೇರೆ. ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಸಾಲನ್ನು ಆಪರೇಟರು ವರ್ಷವಿಡೀ ಕುಟ್ಟುತ್ತಲೇ ಇರುತ್ತಾರೆ. ಎಸ್ಪಾನ್ಸೊ ಎಂಬ ಉಚಿತ ತಂತ್ರಾಂಶದಲ್ಲಿ ಈ ಸಾಲಿಗೆ ಎರಡಕ್ಷರದ ಗುರುತು ಕೊಟ್ಟಿಟ್ಟರೆ, ಆ ಎರಡಕ್ಷರ ಒತ್ತಿದ ಕೂಡಲೇ ಇಡೀ ಸಾಲು ಬರುತ್ತದೆ. ಡಿಟ್ಟೊ ಎಂಬುದು ನಾವು ಕಾಪಿ ಮಾಡಿದ್ದನ್ನೆಲ್ಲ ನೆನಪಿಟ್ಟುಕೊಂಡು ಬೇಕಾದಾಗ ಕೊಡುತ್ತದೆ. ಎವ್ರಿಥಿಂಗ್ ಎಂಬುದು ಹೆಸರು ಟೈಪ್ ಮಾಡುತ್ತಿದ್ದಂತೆ ಇಡೀ ಡಿಸ್ಕಿನಿಂದ ಫೈಲನ್ನು ಹೆಕ್ಕಿ ತೋರಿಸುತ್ತದೆ. ಡಾಕ್‌ಫೆಚರ್ ಕಡತಗಳ ಒಳಗಿನ ಮಾತನ್ನೂ ಹುಡುಕಬಲ್ಲದು. ಅಚ್ಚಾದ ಹಳೆಯ ಪುಟವನ್ನು ಸ್ಕ್ಯಾನ್ ಮಾಡಿ ಕೊಟ್ಟರೆ ಓದಿ ಅಕ್ಷರಗಳನ್ನಾಗಿಸುವ ಟೆಸೆರಾಕ್ಟ್‌ಗೆ ಕನ್ನಡವೂ ಬರುತ್ತದೆ. ಲಿಬ್ರೆಆಫೀಸ್‌ನಲ್ಲಿ ಒಂದೇ ನೋಟಿಸನ್ನು ಪಟ್ಟಿಯಲ್ಲಿರುವ ಎಲ್ಲರ ಹೆಸರಿಗೂ ತಾನಾಗಿ ಸಿದ್ಧಪಡಿಸಬಹುದು. ಯಾವುದಕ್ಕೂ ಒಂದು ಪೈಸೆ ಕೊಡಬೇಕಾಗಿಲ್ಲ.

ಆದರೆ ಡಾಕ್‌ಫೆಚರ್‌ಗೆ ‘ಪರಿಹಾರ’ ಎಂದು ಹುಡುಕಲು ಹೇಳಿದರೆ ಅದು ಕನ್ನಡದ ‘ಪರಿಹಾರ’ವನ್ನು ಹುಡುಕುತ್ತದೆ. ಕಡತದಲ್ಲಿರುವುದು ಯೆನ್ ಗುರುತಿನಿಂದ ಶುರುವಾಗುವ ಗೋಜಲು. ಸಿಗುವುದು ಹೇಗೆ? ಫೈಲಿಗೆ ಹೆಸರಿಡುವಾಗ ಹಳೆಯ ಫಾಂಟು ಕೆಲಸಕ್ಕೇ ಬರುವುದಿಲ್ಲ. ಆದ್ದರಿಂದಲೇ ನಮ್ಮ ಕಚೇರಿಗಳಲ್ಲಿ ‘ಶೇಂಗಾ ಲಿಸ್ಟ್ ನ್ಯೂ’, ‘ಶೇಂಗಾ ಲಿಸ್ಟ್ ಫೈನಲ್’, ‘ಫೈನಲ್ 2’ ಎಂದು ಇಂಗ್ಲಿಷಿನಲ್ಲಿ ಹೆಸರು ಹೊತ್ತ ಕಡತಗಳು ರಾಶಿ ಬಿದ್ದಿವೆ. ಆಪರೇಟರು ರಜೆ ಹಾಕಿದರೆ ಆ ರಾಶಿಯಿಂದ ಏನನ್ನೂ ತೆಗೆಯಲಾಗದೆ ರೈತ ಮತ್ತೊಂದು ದಿನ ಬಸ್ಸು ಹತ್ತಿ ಬರಬೇಕು.

ಇಲ್ಲಿಗೆ ಹೇಗೆ ಬಂದೆವು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡವನ್ನು ಸಲೀಸಾಗಿ ಮೂಡಿಸುವ ವಿನ್ಯಾಸ ಮಾಡಿಕೊಟ್ಟರು, ‘ಸೇಡಿಯಾಪು’ ತಂತ್ರಾಂಶ ರೂಪಿಸಿದರು. ಆಮೇಲೆ ಬಂದ ಖಾಸಗಿ ಕಂಪನಿಗಳ ತಂತ್ರಾಂಶಗಳಲ್ಲಿ ಒಬ್ಬೊಬ್ಬರದು ಒಂದೊಂದು ಸಂಕೇತ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ, ಬೆಲೆಯೂ ಸಾವಿರಗಳಲ್ಲಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಉಚಿತವಾಗಿ ಬಂತು. ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ‘ನುಡಿ’ಯನ್ನು ರೂಪಿಸಿ ಉಚಿತವಾಗಿ ಹಂಚಿತು. ಹಳ್ಳಿಯ ಹುಡುಗ ಹುಡುಗಿಯರು ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಿ ಅನ್ನ ಕಂಡುಕೊಂಡದ್ದು ಈ ಎರಡರಿಂದ. ಆ ಋಣವನ್ನು ಯಾರೂ ಅಲ್ಲಗಳೆಯಬಾರದು.

ಜಗಳವೂ ಆಗಲೇ ಶುರುವಾಯಿತು. ಸರ್ಕಾರ ಒಂದೇ ತಂತ್ರಾಂಶಕ್ಕೆ ಜೋತುಬೀಳಬಾರದೆಂದು ಪೂರ್ಣಚಂದ್ರ ತೇಜಸ್ವಿ ಗಟ್ಟಿಯಾಗಿ ವಾದಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ‘ಕುವೆಂಪು’ ತಂತ್ರಾಂಶ ಹೊರಬರುವುದರ ಹಿಂದೆ ಅವರ ಒತ್ತಾಸೆಯಿತ್ತು. ಯಾರ ತಂತ್ರಾಂಶ ಮೇಲು ಎಂಬ ಆ ವಾದದಲ್ಲಿ ನಮ್ಮ ಹುರುಪೆಲ್ಲ ಖರ್ಚಾಯಿತು. ಬಗೆಹರಿಯಬೇಕಾಗಿದ್ದ ಪ್ರಶ್ನೆ ಸಂಕೇತದ್ದು. ಅದಕ್ಕೆ ಉತ್ತರ ಆಗಲೇ ಸಿದ್ಧವಿತ್ತು. ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆ ಕೊಡುವ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಮಾಡಿಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟು ಜೊತೆಗೇ ಬಂತು. ಕೇಂದ್ರ ಸರ್ಕಾರ 2009ರಲ್ಲಿ ಇ-ಆಡಳಿತಕ್ಕೆ ಯೂನಿಕೋಡೇ ಶಿಷ್ಟತೆ ಎಂದಿತು, ನಮ್ಮ ರಾಜ್ಯ ಸರ್ಕಾರ 2012ರಲ್ಲಿ ಅದನ್ನು ಒಪ್ಪಿತು. ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್ ಆಯ್ಕೆ ಬಂದು ಎಷ್ಟೋ ವರ್ಷವಾಯಿತು. ಇಷ್ಟಾದರೂ ಆ ಆಯ್ಕೆಯನ್ನು ಒತ್ತಿ ಎಂದು ಕಚೇರಿಯಲ್ಲಿ ಹೇಳುವ ಮೇಲಧಿಕಾರಿ ಇಲ್ಲ, ಒತ್ತದಿದ್ದರೆ ಕೇಳುವವರೂ ಇಲ್ಲ.

2023ರ ಕೊನೆಯಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನಾಮಫಲಕಗಳಿಗಾಗಿ ದೊಡ್ಡ ಹೋರಾಟ ನಡೆಯಿತು, ಕಾರ್ಯಕರ್ತರು ಜೈಲಿಗೆ ಹೋದರು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿಯಾಗಿ ಫಲಕದ ಮೇಲ್ಭಾಗದಲ್ಲಿ ಶೇಕಡ 60ರಷ್ಟು ಕನ್ನಡ ಕಡ್ಡಾಯವಾಯಿತು. ಆ ಹೋರಾಟವನ್ನು ನಾನು ಬೆಂಬಲಿಸುತ್ತೇನೆ. ಆದರೆ ಬೋರ್ಡಿನ ಮೇಲೆ ನೂರಕ್ಕೆ ಅರವತ್ತು ಕನ್ನಡ ಕೇಳಿದ ನಾವು, ಕಚೇರಿಯ ಕಡತದೊಳಗೆ ಕನ್ನಡದ ಒಂದಕ್ಷರವೂ ನಿಜವಾಗಿ ಇಲ್ಲದಿರುವುದನ್ನು ಹೇಗೆ ಸಹಿಸಿಕೊಂಡಿದ್ದೇವೆ? ಅಂಗಡಿಯವನು ಬೋರ್ಡು ಬದಲಿಸದಿದ್ದರೆ ದಂಡ ಹಾಕಲು ಕಾನೂನಿದೆ. ಸರ್ಕಾರದ ಕಚೇರಿ ತನ್ನದೇ ಆದೇಶ ಮುರಿದು ಹಳೆಯ ಫಾಂಟಿನಲ್ಲಿ ಸುತ್ತೋಲೆ ಹೊರಡಿಸಿದರೆ ಯಾರಿಗೆ ದಂಡ?

ಎದುರು ವಾದಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. ಡಿಟಿಪಿ ಮಾಡುವವರು ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶ ಬಿಡಲಾರೆವು ಎನ್ನುತ್ತಾರೆ. ಆ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ ಎನ್ನುವುದು ನಿಜ. ಆದರೆ ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಉಚಿತವಾಗಿ ಸಿಗುವ ಸ್ಕ್ರೈಬಸ್ ಈಗ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ, ಅದರ 1.6ನೆಯ ಆವೃತ್ತಿ 2024ರ ಜನವರಿಯಲ್ಲಿ ಬಂದಿದೆ. ಯೂನಿಕೋಡಿನಲ್ಲಿ ಅಂದದ ಫಾಂಟುಗಳಿಲ್ಲ ಎಂಬ ದೂರಿನಲ್ಲಿ ಒಂದು ಕಾಲಕ್ಕೆ ಹುರುಳಿತ್ತು. ಆದರೆ ಈಗ ಅರವಿಂದ ವಿ.ಕೆ. ಅವರು ‘ಗುಬ್ಬಿ’, ‘ನವಿಲು’ ಫಾಂಟುಗಳನ್ನು ಮಾಡಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ. ಹಳೆಯ ಸಂಕೇತದ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕವನ್ನೂ ಕೊಟ್ಟಿದ್ದಾರೆ. ಇಲಾಖೆಯೊಂದು ವರ್ಷಗಟ್ಟಲೆ ಮಾಡಬೇಕಾಗಿದ್ದನ್ನು ಒಬ್ಬರು ತಮ್ಮ ಬಿಡುವಿನಲ್ಲಿ ಮಾಡಿದರೆ, ಇಲಾಖೆ ಕನಿಷ್ಠ ಅದನ್ನು ತನ್ನ ಕಂಪ್ಯೂಟರುಗಳಲ್ಲಿ ಹಾಕಿಕೊಳ್ಳಬಾರದೆ?

ಎಲ್ಲಕ್ಕಿಂತ ತೂಕದ ವಾದ ಸುರಕ್ಷತೆಯದು. ಬಿಟ್ಟಿ ತಂತ್ರಾಂಶದ ಹೆಸರಿನಲ್ಲಿ ವೈರಸ್ ಹಂಚುವ ನಕಲಿ ಜಾಲತಾಣಗಳಿವೆ. ದೊಡ್ಡ ಹಸಿರು ಗುಂಡಿ ಕಂಡಲ್ಲಿ ಒತ್ತಿದ ಎಷ್ಟೋ ಜನ ಕಡತ ಕಳೆದುಕೊಂಡಿದ್ದಾರೆ. ಹಾಗೆಂದು ಬಿಟ್ಟಿ ತಂತ್ರಾಂಶವೇ ಬೇಡ ಎನ್ನುವ ಕಚೇರಿಗಳಲ್ಲಿ ಕದ್ದ ಆಫೀಸ್ ತಂತ್ರಾಂಶ ಓಡುತ್ತಿರುತ್ತದೆ. ಅದರ ಬೀಗ ಒಡೆಯಲು ಬಳಸಿದ ಪುಟ್ಟ ಫೈಲು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಅಪಾಯ ಇರುವುದು ಅಲ್ಲಿ. ಸರ್ಕಾರವೇ ಇಪ್ಪತ್ತೋ ಮೂವತ್ತೋ ಸಾಧನಗಳನ್ನು ಪರೀಕ್ಷಿಸಿ, ತನ್ನದೇ ತಾಣದಲ್ಲಿ ಇಟ್ಟು, ಕನ್ನಡದಲ್ಲಿ ಬಳಕೆಯ ವಿವರ ಬರೆದು ಕೊಟ್ಟರೆ ಈ ಭಯ ಮುಗಿಯುತ್ತದೆ.

ಇದು ಆಗದ ಮಾತೇನೂ ಅಲ್ಲ. ಪಕ್ಕದ ಕೇರಳ ತನ್ನ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಸರ್ಕಾರಿ ಪ್ರೌಢಶಾಲೆಗಳನ್ನೆಲ್ಲ ಮುಕ್ತ ತಂತ್ರಾಂಶಕ್ಕೆ ಒಯ್ದಿತು. ಮಲಯಾಳಂ ಮಾಧ್ಯಮದ ಮಕ್ಕಳು ವಿಂಡೋಸ್‌ಗೆ ಬದಲಿಯಾದ ಲಿನಕ್ಸ್ ಮೇಲೆ ಕಲಿತು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುತ್ತಿದ್ದಾರೆ. ಕಾಸರಗೋಡಿನ ಕನ್ನಡ ಶಾಲೆಗಳೂ ಅದೇ ವ್ಯವಸ್ಥೆಯೊಳಗಿವೆ. ಕರ್ನಾಟಕದಲ್ಲೂ ಐಟಿ ಫಾರ್ ಚೇಂಜ್ ಸಂಸ್ಥೆಯ ನೆರವಿನಿಂದ ಸರ್ಕಾರಿ ಶಾಲೆಯ ಸಾವಿರಾರು ಶಿಕ್ಷಕರು ಲಿನಕ್ಸಿನದೇ ಒಂದು ರೂಪವಾದ ಉಬುಂಟು ಕಲಿತರು. ಅದು ತರಬೇತಿಯ ಮಟ್ಟದಲ್ಲೇ ಉಳಿಯಿತು, ನೀತಿಯಾಗಲಿಲ್ಲ. ಈಗ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಶಾಲೆ, ಪಂಚಾಯಿತಿ, ಟೈಪಿಂಗ್ ಅಂಗಡಿಗಳ ಹಳೆಯ ಯಂತ್ರಗಳಲ್ಲಿ ಬಹುಪಾಲಿಗೆ ವಿಂಡೋಸ್ 11 ಹತ್ತುವುದಿಲ್ಲ. ಆ ಯಂತ್ರಗಳನ್ನು ಗುಜರಿಗೆ ಹಾಕಿ ಹೊಸದಕ್ಕೆ ಟೆಂಡರ್ ಕರೆಯುವ ಮೊದಲು, ಅವುಗಳ ಮೇಲೆ ಲಿನಕ್ಸ್ ಮಿಂಟ್ ಹಾಕಿ ನೋಡಲಿ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಅಲ್ಲೂ ಸಿಗುತ್ತದೆ, ಬೆರಳಿಗೆ ಹೊಸದಾಗಿ ಕಲಿಯುವ ಕಷ್ಟವಿಲ್ಲ.

ಇದೇ ಚಳ್ಳಕೆರೆ ತಾಲ್ಲೂಕಿನಲ್ಲಿ 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು, ಅದು ತಾನಾಗಿ ಓಡುದಾರಿಗೆ ಇಳಿಯುವಂತೆ ಮಾಡಿತು. ಅದೇ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ದನ ಮೇಯುತ್ತಿದ್ದ ಅಮೃತಮಹಲ್ ಕಾವಲನ್ನು ವಿಜ್ಞಾನಕ್ಕಾಗಿ ಬಿಟ್ಟುಕೊಟ್ಟ ಸೀಮೆ ಇದು. ಅಲ್ಲಿಂದ ಒಂದು ಬಸ್ಸಿನ ಹಾದಿಯಷ್ಟು ದೂರದ ಕಚೇರಿಯಲ್ಲಿ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲಾಗದಿರುವುದು ಬಡತನದ ಮಾತಲ್ಲ, ಉದಾಸೀನದ ಮಾತು.

ತಳಕಿನ ಹೆಸರು ಹೊತ್ತವರು ಕನ್ನಡಕ್ಕೆ ಮಾಡಿದ ಕೆಲಸ ಸಣ್ಣದಲ್ಲ. ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ತಳಕಿನ ವೆಂಕಣ್ಣಯ್ಯ, ಅವರ ತಮ್ಮ ತ.ಸು. ಶಾಮರಾಯ, ಅದೇ ಮನೆತನದ ತ.ರಾ.ಸು. ಕುವೆಂಪು ತಮ್ಮ ಮಹಾಕಾವ್ಯವನ್ನು ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ಆ ತಲೆಮಾರಿನ ವಿದ್ವಾಂಸರು ಒಂದು ಪದದ ಪ್ರಯೋಗ ಎಲ್ಲೆಲ್ಲಿದೆಯೆಂದು ತಿಳಿಯಲು ಓಲೆಗರಿ, ಕೈಬರಹಗಳನ್ನು ಪುಟಪುಟವಾಗಿ ತಿರುವಿದರು. ಇಂದು ‘ವಚನ ಸಂಚಯ’ದಲ್ಲಿ ಒಂದು ಪದ ಕೊಟ್ಟರೆ ಅದು ಬರುವ ವಚನಗಳೆಲ್ಲ ಕ್ಷಣದಲ್ಲಿ ಮುಂದೆ ನಿಲ್ಲುತ್ತವೆ, ಏಕೆಂದರೆ ಆ ಪಠ್ಯ ಯೂನಿಕೋಡಿನಲ್ಲಿದೆ. ಹನ್ನೆರಡನೆಯ ಶತಮಾನದ ವಚನ ಹುಡುಕಿದರೆ ಸಿಗುತ್ತದೆ, ಹೋದ ತಿಂಗಳ ಗ್ರಾಮಸಭೆಯ ನಡಾವಳಿ ಸಿಗುವುದಿಲ್ಲ.

ಮಾಡಬೇಕಾದ್ದು ಖರ್ಚಿನ ಕೆಲಸವಲ್ಲ. ಯೂನಿಕೋಡಿನಲ್ಲಿಲ್ಲದ ಕಡತವನ್ನು ಮೇಲಿನ ಕಚೇರಿ ಸ್ವೀಕರಿಸದೆ ಹಿಂದಕ್ಕೆ ಕಳಿಸಬೇಕು. ನೌಕರರಿಗೆ ನಡೆಸುವ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯಲ್ಲಿ ಕನ್ನಡ ಪಟ್ಟಿಯೊಂದನ್ನು ಅಕಾರಾದಿಯಾಗಿ ಜೋಡಿಸುವುದು, ಕಡತದೊಳಗಿನ ಕನ್ನಡ ಪದ ಹುಡುಕುವುದು, ಹಳೆಯ ಫೈಲನ್ನು ಪರಿವರ್ತಿಸುವುದು ಕಡ್ಡಾಯ ಪ್ರಶ್ನೆಗಳಾಗಬೇಕು. ಜನರ ಹಣದಲ್ಲಿ ಬರೆಸುವ ಪ್ರತಿಯೊಂದು ಕನ್ನಡ ತಂತ್ರಾಂಶದ ಮೂಲ ಸಂಕೇತ ಜನರಿಗೆ ತೆರೆದಿರಬೇಕು. ತಪ್ಪಿದ್ದರೆ ಬಲ್ಲವರು ತಿದ್ದುತ್ತಾರೆ, ಮಾಡಿದವರು ಕೈಬಿಟ್ಟರೆ ಮುಂದಿನವರು ಎತ್ತಿಕೊಳ್ಳುತ್ತಾರೆ.

ಅಲ್ಲಿಯವರೆಗೆ ಜನ ಸುಮ್ಮನಿರಬೇಕಾಗಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ 4ನೆಯ ಪ್ರಕರಣ ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ದಾಖಲೆಗಳನ್ನು ಮಾಹಿತಿ ಸುಲಭವಾಗಿ ಸಿಗುವಂತೆ ವರ್ಗೀಕರಿಸಿ, ಸೂಚಿ ಮಾಡಿ ಇಡಬೇಕೆನ್ನುತ್ತದೆ. 7ನೆಯ ಪ್ರಕರಣದ 9ನೆಯ ಉಪಪ್ರಕರಣದ ಪ್ರಕಾರ ಅರ್ಜಿದಾರ ಕೇಳಿದ ರೂಪದಲ್ಲೇ ಸಾಮಾನ್ಯವಾಗಿ ಮಾಹಿತಿ ಕೊಡಬೇಕು. ತಳಕು, ಚಳ್ಳಕೆರೆ, ಮೊಳಕಾಲ್ಮುರಿನ ಯಾರು ಬೇಕಾದರೂ ತಮ್ಮ ಪಂಚಾಯಿತಿಗೆ ಹತ್ತು ರೂಪಾಯಿ ಶುಲ್ಕ ಕಟ್ಟಿ, ಈ ವರ್ಷದ ಫಲಾನುಭವಿಗಳ ಪಟ್ಟಿಯನ್ನು ಯೂನಿಕೋಡ್ ಕನ್ನಡದ ಸ್ಪ್ರೆಡ್‌ಶೀಟ್ ಆಗಿ ಕೊಡಿ ಎಂದು ಅರ್ಜಿ ಹಾಕಬಹುದು. ಉತ್ತರ ಕೊಡಲು ಕಚೇರಿಗೆ 30 ದಿನಗಳ ಅವಧಿಯಿದೆ. ಪರಿವರ್ತಕದಲ್ಲಿ ಆ ಪಟ್ಟಿಯನ್ನು ತಿರುಗಿಸಲು ಬೇಕಾಗುವುದು ಕೆಲವು ನಿಮಿಷ.