ಬಸ್ಸಿನ ದೂರದಲ್ಲಿ ದುಡಿಮೆ ಇರಲಿ

2001ರ ಜನಗಣತಿಯಲ್ಲಿ ಸುಮಾರು 57 ಲಕ್ಷದಷ್ಟಿದ್ದ ಬೆಂಗಳೂರಿನ ಜನಸಂಖ್ಯೆ 2011ರ ಹೊತ್ತಿಗೆ 85 ಲಕ್ಷ ಮುಟ್ಟಿತ್ತು. ರಾಜಧಾನಿಯ ನೀರು, ಕಸ, ವಾಹನದಟ್ಟಣೆಯ ಚರ್ಚೆ ನಡೆದಾಗಲೆಲ್ಲ ‘ಸಣ್ಣ ನಗರಗಳನ್ನು ಬೆಳೆಸಬೇಕು’ ಎಂಬ ಸಲಹೆ ತಪ್ಪದೆ ಕೇಳಿಬರುತ್ತದೆ. ಸಲಹೆ ಸರಿಯೇ. ಆದರೆ ಅದರೊಳಗೆ ಒಂದು ಅನಾದರವೂ ಅಡಗಿದೆ. ಸಣ್ಣ ನಗರವೆಂದರೆ ದೊಡ್ಡ ನಗರದ ಹೊರೆಯನ್ನು ಇಳಿಸುವ ಕಟ್ಟೆಯಲ್ಲ. ಅದಕ್ಕೆ ತನ್ನದೇ ಆದ ಸೆಳೆತವಿದೆ. ಆ ಸೆಳೆತ ಯಾರ ಪಾಲಿಗೆ ನಿಜ, ಯಾರ ಪಾಲಿಗೆ ಅಲ್ಲ ಎಂಬುದನ್ನು ನಾವು ಇನ್ನೂ ಸರಿಯಾಗಿ ಕೇಳಿಕೊಂಡಿಲ್ಲ.

ನಾನು ಇಂಡಿ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯಲ್ಲಿರುವ ಅಗರಖೇಡದವನು, ವಿಜಯಪುರದಲ್ಲಿ ನೌಕರಿ. 2001ರಲ್ಲಿ ಎರಡೂವರೆ ಲಕ್ಷ ಜನರಿದ್ದ ಈ ನಗರ 2011ರಲ್ಲಿ ಮೂರೂಕಾಲು ಲಕ್ಷ ದಾಟಿತು, 2013ರಲ್ಲಿ ಮಹಾನಗರಪಾಲಿಕೆಯಾಯಿತು. 1963ರಿಂದ ಸೈನಿಕ ಶಾಲೆ, 2003ರಿಂದ ಮಹಿಳಾ ವಿಶ್ವವಿದ್ಯಾಲಯ ಇಲ್ಲಿವೆ, ವೈದ್ಯಕೀಯ ಕಾಲೇಜುಗಳಿವೆ. ನನ್ನಂಥ ಸಂಬಳದಾರನಿಗೆ ಇಲ್ಲಿನ ಬದುಕು ನೆಮ್ಮದಿಯದು. ಕಚೇರಿ ಬಿಟ್ಟ ಅರ್ಧ ಗಂಟೆಯೊಳಗೆ ಮನೆ ಸೇರಬಹುದು. ಹಳ್ಳಿಯಲ್ಲಿರುವ ಹಿರಿಯರಿಗೆ ಮೈ ಹುಷಾರಿಲ್ಲವೆಂದರೆ ಅದೇ ದಿನ ಹೋಗಿ ಕರೆತರಬಹುದು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಮರುದಿನ ಕೆಲಸಕ್ಕೆ ಹಾಜರಾಗಬಹುದು. ಬೆಂಗಳೂರಿನಲ್ಲಿ ಇದಕ್ಕಿಂತ ಹೆಚ್ಚು ಗಳಿಸುವ ನನ್ನ ಓರಗೆಯವರಿಗೆ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಊರು ವರ್ಷಕ್ಕೊಮ್ಮೆಯ ಜಾತ್ರೆಗೆ ಮಾತ್ರ ದಕ್ಕುತ್ತದೆ.

ಆದರೆ ಈ ನೆಮ್ಮದಿಯ ಮೂಲ ಯಾವುದು? ಶಿಕ್ಷಕರು, ಬ್ಯಾಂಕ್ ನೌಕರರು, ಸರ್ಕಾರಿ ಸಿಬ್ಬಂದಿ, ನಾವೆಲ್ಲ ಸಂಬಳವನ್ನು ಬೇರೆಡೆಯಿಂದ ಪಡೆದು ಖರ್ಚನ್ನು ಇಲ್ಲಿ ಮಾಡುವವರು. ಸಂಬಳವಿಲ್ಲದವನಿಗೆ ಇದೇ ನಗರ ಕೊಡುವುದು ಕಟ್ಟಡದ ಕೂಲಿ, ಅಂಗಡಿಯ ಚಾಕರಿ ಅಥವಾ ಸಾಲದ ಟಂಟಂ. ಅದಕ್ಕಾಗಿಯೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಕುಟುಂಬಗಳು ಪುಣೆ, ಮುಂಬೈ, ಗೋವಾಗಳಿಗೆ ಗುಳೆ ಹೋಗುತ್ತ ಬಂದಿವೆ. ಗೋವಾದ ಬೈನಾದಲ್ಲಿ ಕನ್ನಡಿಗರ ಮನೆಗಳನ್ನು 2004ರಲ್ಲಿ ನೆಲಸಮ ಮಾಡಿದಾಗ ನಾವು ಮರುಗಿದೆವು. 2020ರ ಲಾಕ್‌ಡೌನ್‌ನಲ್ಲಿ ಗಡಿಯಲ್ಲಿ ಸಾಲುಗಟ್ಟಿ ನಿಂತ ಕೂಲಿಕಾರರನ್ನು ಕಂಡು ಮತ್ತೊಮ್ಮೆ ಮರುಗಿದೆವು. ಅದೇ ವರ್ಷ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ನದಿತೀರದ ಬೆಳೆಗಳನ್ನು ಮುಳುಗಿಸಿತು. ಊರಿಗೆ ಮರಳಿದವರು ಮತ್ತೆ ಅದೇ ದಾರಿ ಹಿಡಿದರು. ಮರುಕ ಅವರಿಗೆ ಉದ್ಯೋಗ ಕೊಡಲಿಲ್ಲ.

ಉದ್ಯೋಗಕ್ಕೆ ಬೇಕಾದ ಕಚ್ಚಾವಸ್ತು ನಮ್ಮಲ್ಲಿ ಇಲ್ಲವೆಂದಲ್ಲ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಮಾನ್ಯತೆ ದೊರೆಯಿತು. ಅದಕ್ಕೂ ಮೊದಲೇ ಲಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲಿ ಸ್ಥಾಪನೆಯಾಗಿತ್ತು. ಆದರೂ ನಮ್ಮ ಲಿಂಬೆ ಬಹುಪಾಲು ಚೀಲದಲ್ಲಿ ತುಂಬಿ ಹೊರಗೆ ಹೋಗುವ ಹಣ್ಣಾಗಿಯೇ ಉಳಿದಿದೆ. ಬೇಸಿಗೆಯಲ್ಲಿ ಚಿನ್ನದ ಬೆಲೆ. ಮಳೆಗಾಲದಲ್ಲಿ ಮಾರುಕಟ್ಟೆಗೆ ರಾಶಿ ಬಿದ್ದಾಗ ಹಣ್ಣು ಕಿತ್ತ ಕೂಲಿಯೂ ಹುಟ್ಟದ ಸ್ಥಿತಿ. ಒಣದ್ರಾಕ್ಷಿಯ ಕಥೆಯೂ ಇದರಿಂದ ದೂರವಿಲ್ಲ. ಜಿಲ್ಲೆಯ ರೈತರು ಬೆಳೆದು ಒಣಗಿಸಿದ ಮಾಲನ್ನು ಮಾರಲು ಮಹಾರಾಷ್ಟ್ರದ ತಾಸಗಾಂವ್, ಸಾಂಗ್ಲಿಯ ಪೇಟೆಗಳನ್ನು ನೆಚ್ಚಿಕೊಂಡಿದ್ದಾರೆ. ಬೆಳೆ ನಮ್ಮದು, ಅದನ್ನು ವಿಂಗಡಿಸುವ, ಕಾಪಿಡುವ, ಮಾರುವ ಕೆಲಸ ಬೇರೆಯವರದು. ಬೆಳೆಯ ಹಿಂದೆಯೇ ಉದ್ಯೋಗವೂ ಗಡಿ ದಾಟುತ್ತಿದೆ.

ಇಂಡಿಯನ್ನು ಪ್ರತ್ಯೇಕ ಜಿಲ್ಲೆ ಮಾಡಬೇಕೆಂಬ ಬೇಡಿಕೆ ಇದೆ. ಬೇಡಿಕೆ ನ್ಯಾಯವಾದುದೇ ಇರಬಹುದು. ಆದರೆ ಜಿಲ್ಲಾ ಕೇಂದ್ರವೆಂಬ ಫಲಕ ತರುವುದು ಕಚೇರಿಗಳನ್ನು. ಕಚೇರಿಗಳು ಸಾಕುವುದು ಮತ್ತೆ ಸಂಬಳದಾರರನ್ನೇ. ನನ್ನ ದೃಷ್ಟಿಯಲ್ಲಿ ಆದ್ಯತೆ ಬೇರೆ. ಸುಗ್ಗಿಯ ಲಿಂಬೆಯನ್ನು ಹಿಡಿದಿಡಬಲ್ಲ ಶೀತಲಗೃಹಗಳು, ಉಪ್ಪಿನಕಾಯಿ ಮತ್ತು ರಸ ತಯಾರಿಸುವ ಘಟಕಗಳು, ಅವುಗಳಿಗೆ ತಕ್ಕ ತರಬೇತಿ ಕೊಡುವ ಐಟಿಐ ಪಾಠಕ್ರಮ ಇಂಡಿಯಲ್ಲಿ ಬರಬೇಕು. ಇವುಗಳಷ್ಟೇ ಮುಖ್ಯವಾದುದು ಬೆಳಿಗ್ಗೆ ಹಳ್ಳಿಯಿಂದ ಹೊರಟು ರಾತ್ರಿ ಹಳ್ಳಿಗೆ ಮರಳುವ ನಂಬಿಕೆಯ ಬಸ್ಸು. ಹೆಣ್ಣುಮಕ್ಕಳ ಓದು ಮತ್ತು ದುಡಿಮೆ ಎಷ್ಟೋ ಕಡೆ ನಿಂತಿರುವುದು ಸಂಜೆಯ ಕೊನೆಯ ಬಸ್ಸಿನ ಮೇಲೆ. ಇಂಡಿ ರೋಡ್ ರೈಲು ನಿಲ್ದಾಣ ಊರಿನಿಂದ ದೂರವಿದೆ. ಹೀಗಾಗಿ ಬಸ್ಸಿಗೆ ಪರ್ಯಾಯವಿಲ್ಲ.

ಸಣ್ಣ ನಗರ ಬೆಳೆದರೆ ಅದೂ ಇನ್ನೊಂದು ಬೆಂಗಳೂರಾಗದೇ ಎಂದು ಕೇಳುವವರಿದ್ದಾರೆ. ಆತಂಕ ಸಹಜ. ಬಯಲು ನಾಡಿನಲ್ಲಿ ಬೆಳೆಯುವ ಊರಿಗೆ ಮೊದಲು ಬೇಕಾದದ್ದು ನೀರಿನ ಎಚ್ಚರ. ಆದಿಲ್‌ಶಾಹಿ ಅರಸರು ಗೋಳಗುಮ್ಮಟವನ್ನಷ್ಟೇ ಕಟ್ಟಲಿಲ್ಲ. ತೊರವಿಯಿಂದ, ಬೇಗಂ ತಲಾಬದಿಂದ ನಗರಕ್ಕೆ ನೀರು ತಂದರು, ಬಾವಡಿಗಳನ್ನು ತೋಡಿಸಿದರು. ಕೆರೆ, ಬಾವಡಿಗಳ ಅಂಗಳವನ್ನು ನಿವೇಶನ ಮಾಡಿ ಮಾರುವ ಮುನ್ನ ಪುರಸಭೆ, ಪಾಲಿಕೆಗಳು ಆ ಲೆಕ್ಕವನ್ನು ನೆನೆಯುವುದು ಒಳಿತು.

ಸಾಧನೆಗೆ ಮಹಾನಗರವೇ ಬೇಕೆಂಬ ನಂಬಿಕೆಯೂ ನಮ್ಮ ಭಾಗಕ್ಕೆ ಹೊಂದುವುದಿಲ್ಲ. ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯಂಥ ಹಳ್ಳಿಯಲ್ಲಿ ಕುಳಿತು ಮಧುರಚೆನ್ನ ಮತ್ತು ಅವರ ಗೆಳೆಯರು ಜನಪದ ಹಾಡುಗಳನ್ನು ಸಂಗ್ರಹಿಸಿ ಕನ್ನಡ ಸಾಹಿತ್ಯಕ್ಕೆ ಹೊಸ ದಾರಿ ತೆರೆದರು. ಸಿಂಪಿ ಲಿಂಗಣ್ಣನವರು ಪಕ್ಕದ ಚಡಚಣದವರು. ತಮ್ಮ ನೆಲದ ಸಂಪತ್ತನ್ನು ಅವರು ಅಲ್ಲಿಯೇ ಗುರುತಿಸಿದರು, ಅಲ್ಲಿಯೇ ಹದಗೊಳಿಸಿದರು.

ಹೊಲದ ಸಂಪತ್ತಿನ ವಿಷಯದಲ್ಲಿ ಆಡಳಿತ ಮಾಡಬೇಕಾದದ್ದೂ ಅದನ್ನೇ. ಸಣ್ಣ ನಗರದ ಬಾಳು ಹಿತವೆಂದು ನಾನು ಹೇಳಿದರೆ ಅದು ಒಬ್ಬ ನೌಕರನ ಅನಿಸಿಕೆ. ಅಗರಖೇಡದ ಹೊಲವಿಲ್ಲದ ಮನೆಯ ಹುಡುಗ ಇಂಡಿಯಲ್ಲಿ ವರ್ಷವಿಡೀ ದುಡಿದು, ಸಂಜೆ ಬಸ್ಸು ಹತ್ತಿ ಮನೆಗೆ ಬಂದು ಅದೇ ಮಾತು ಹೇಳುವಂತಾದರೆ ಮಾತ್ರ ನಗರ ಬೆಳೆದಿದೆ ಎಂದು ಒಪ್ಪಬಹುದು.